ಒಂದೇ ಇಂಜೆಕ್ಷನ್‌ಗೆ ಎರಡು ಫಲ ಏಕೆ? ಮೆಟಾ-ರಿಗ್ರೆಷನ್ ಹೇಳುವುದು, ಹೇಳಲಾಗದ್ದು

ತಿಂಗಳು ತುಂಬುವ ಮೊದಲೇ ಹೆರಿಗೆ ನೋವು ಶುರುವಾದ ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರೆ ಹೊಟ್ಟೆಯಲ್ಲಿರುವ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ, ಹುಟ್ಟಿದ ಮೇಲೆ ಉಸಿರಿಗಾಗಿ ಒದ್ದಾಡುವುದು ಕಡಿಮೆಯಾಗುತ್ತದೆ. 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಇದನ್ನು ಮೊದಲು ತೋರಿಸಿದರು. ಆಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ಬರೆದ ನಕ್ಷೆಯೇ ಇಂದು ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸುವ ಕಾಕ್ರೇನ್ ಸಂಸ್ಥೆಯ ಲಾಂಛನ. ವೈದ್ಯಕೀಯದಲ್ಲಿ ಇಷ್ಟು ಗಟ್ಟಿಯಾದ ಪುರಾವೆ ಇರುವ ಚಿಕಿತ್ಸೆಗಳು ಹೆಚ್ಚಿಲ್ಲ.

ಇದೇ ಚಿಕಿತ್ಸೆಯನ್ನು ಹಳ್ಳಿಗಳಿಗೆ ಒಯ್ದರೆ ಏನಾಗುತ್ತದೆ ಎಂದು ತಿಳಿಯಲು ಆರು ದೇಶಗಳಲ್ಲಿ ದೊಡ್ಡದೊಂದು ಪ್ರಯೋಗ ನಡೆಯಿತು. ಅದರ ಎರಡು ಭಾರತೀಯ ಕೇಂದ್ರಗಳಲ್ಲಿ ಒಂದು ಬೆಳಗಾವಿ, ಇನ್ನೊಂದು ನಾಗಪುರ. ಸುಮಾರು ಒಂದು ಲಕ್ಷ ಜನನಗಳನ್ನು ಒಳಗೊಂಡ ಈ ಪ್ರಯೋಗದ ಫಲಿತಾಂಶ 2015ರ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ತೀರಾ ಕಡಿಮೆ ತೂಕದ ಮಕ್ಕಳಿಗೆ ಲಾಭವೇ ಕಾಣಲಿಲ್ಲ. ಎಲ್ಲ ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಚಿಕಿತ್ಸೆಯ ಕಾರ್ಯಕ್ರಮ ಜಾರಿಯಾದ ಪ್ರದೇಶಗಳಲ್ಲಿ ಜೀವಂತವಾಗಿ ಹುಟ್ಟಿದ ಪ್ರತಿ 1,000 ಶಿಶುಗಳಲ್ಲಿ 27.4 ಶಿಶುಗಳು ಮೊದಲ 28 ದಿನಗಳಲ್ಲಿ ತೀರಿಕೊಂಡವು. ಕಾರ್ಯಕ್ರಮ ಇಲ್ಲದ ಕಡೆ ಆ ಸಂಖ್ಯೆ 23.9. ಜೀವ ಉಳಿಸಬೇಕಾದ ಔಷಧವನ್ನು ಹಂಚಿದ ಕಡೆಯೇ ಸಾವು ಹೆಚ್ಚಿತ್ತು.

ಐದು ವರ್ಷಗಳ ನಂತರ, 2020ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಇನ್ನೊಂದು ಪ್ರಯೋಗದ ಫಲಿತಾಂಶ ಬಂತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಇದರಲ್ಲೂ ಇದ್ದರು. ಬಾಂಗ್ಲಾದೇಶ, ಭಾರತ, ಕೀನ್ಯಾ, ನೈಜೀರಿಯಾ, ಪಾಕಿಸ್ತಾನಗಳ 29 ಆಸ್ಪತ್ರೆಗಳು, 2,852 ತಾಯಂದಿರು. ಔಷಧ ಅದೇ, ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್. ಈ ಸಲ ನವಜಾತ ಶಿಶುಗಳ ಸಾವು ಹುಸಿ ಔಷಧ ಪಡೆದ ಗುಂಪಿನಲ್ಲಿ ಶೇ 23.5, ಇಂಜೆಕ್ಷನ್ ಪಡೆದ ಗುಂಪಿನಲ್ಲಿ ಶೇ 19.6. ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ನಿಗದಿತ ಸಮಯಕ್ಕಿಂತ ಮೊದಲೇ ನಿಲ್ಲಿಸಲಾಯಿತು.

ಎರಡೂ ಪ್ರಯೋಗಗಳನ್ನು ಕೂಡಿಸಿ ಸರಾಸರಿ ತೆಗೆದರೆ ಒಂದು ಸಂಖ್ಯೆ ಸಿಗುತ್ತದೆ, ನಿಜ. ಆದರೆ ಆ ಸಂಖ್ಯೆ ಯಾವ ತಾಯಿಗೆ ಸಂಬಂಧಿಸಿದ್ದು? ಮೊದಲ ಪ್ರಯೋಗದಲ್ಲಿ ಗರ್ಭಕ್ಕೆ ಎಷ್ಟು ವಾರ ತುಂಬಿದೆ ಎಂಬುದು ಬಹಳಷ್ಟು ಅಂದಾಜಿನ ಲೆಕ್ಕವಾಗಿತ್ತು. ಹೀಗಾಗಿ ಇಂಜೆಕ್ಷನ್ ಪಡೆದ ಅನೇಕರು ತಿಂಗಳು ತುಂಬಿಯೇ ಹೆತ್ತರು, ಅವರ ಮಕ್ಕಳಿಗೆ ಆ ಔಷಧದ ಅಗತ್ಯವೇ ಇರಲಿಲ್ಲ. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚು ಕಂಡಿತು. ಎರಡನೆಯದರಲ್ಲಿ ವಾರಗಳನ್ನು ಅಲ್ಟ್ರಾಸೌಂಡ್‌ನಿಂದ ಖಚಿತಪಡಿಸಿಕೊಂಡಿದ್ದರು, ಹುಟ್ಟಿದ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಅದೇ ಆಸ್ಪತ್ರೆಯಲ್ಲಿತ್ತು. ಗರ್ಭದ ವಾರ ಖಚಿತವಾಗಿರಬೇಕು, ತಾಯಿಗೆ ಸೋಂಕು ಇರಬಾರದು, ತಾಯಿ ಮತ್ತು ಶಿಶುವಿಗೆ ತಕ್ಕ ಆರೈಕೆ ಸಿಗುವಂತಿರಬೇಕು ಎಂಬ ಷರತ್ತುಗಳನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಶಿಫಾರಸಿನಲ್ಲಿ ಇಟ್ಟಿರುವುದು ಇದೇ ಕಾರಣಕ್ಕೆ.

ನಮ್ಮಲ್ಲಿ ಇದು ಪುಸ್ತಕದ ಚರ್ಚೆಯಾಗಿ ಉಳಿಯುವಂಥದ್ದಲ್ಲ. ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲು ಹಳ್ಳಿಯ ಆರೋಗ್ಯ ಸಹಾಯಕಿ (ಎಎನ್‌ಎಂ) ಒಂದು ಡೋಸ್ ಡೆಕ್ಸಾಮೆಥಾಸೋನ್ ಕೊಡಬಹುದು ಎಂದು ಕೇಂದ್ರ ಸರ್ಕಾರ 2014ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ರಾಯಬಾಗದ ಉಪಕೇಂದ್ರದಲ್ಲೋ ಮುದ್ದೇಬಿಹಾಳದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಸಿರಿಂಜ್ ಹಿಡಿದು ನಿಂತವರಿಗೆ ‘ಸರಾಸರಿ ಲಾಭ’ ಎಂಬ ಉತ್ತರ ಸಾಲದು. ಎಲ್ಲಿ ಲಾಭ, ಎಲ್ಲಿ ಹಾನಿ, ಏಕೆ ಎಂಬುದು ಅವರಿಗೆ ಬೇಕು. ಈ ‘ಏಕೆ’ಯನ್ನು ಅನೇಕ ಅಧ್ಯಯನಗಳ ನಡುವೆ ಹುಡುಕಲು ಸಂಖ್ಯಾಶಾಸ್ತ್ರ ಕೊಟ್ಟಿರುವ ಸಾಧನದ ಹೆಸರು ಮೆಟಾ-ರಿಗ್ರೆಷನ್.

ಒಂದೇ ಪ್ರಶ್ನೆಯ ಮೇಲೆ ನಡೆದ ಅನೇಕ ಅಧ್ಯಯನಗಳನ್ನು ತೂಕ ಹಾಕಿ ಒಂದು ಸರಾಸರಿ ಪರಿಣಾಮ ಕಂಡುಹಿಡಿಯುವುದು ಮೆಟಾ-ಅನಾಲಿಸಿಸ್. ಅಧ್ಯಯನಗಳ ಫಲಿತಾಂಶಗಳು ಒಂದಕ್ಕೊಂದು ಹತ್ತಿರ ಇದ್ದರೆ ಈ ಸರಾಸರಿ ಉಪಯುಕ್ತ. ದೂರ ದೂರ ಚದುರಿದ್ದರೆ ಅದು ಮೋಸ ಮಾಡುತ್ತದೆ. ಬೆಳಗಾವಿ ಜಿಲ್ಲೆಯ ಸರಾಸರಿ ಮಳೆಯನ್ನೇ ನೋಡಿ. ಖಾನಾಪುರದ ಕಾಡಿನ ಅಂಚಿನಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ, ಅಥಣಿಯ ರೈತ ಮುಗಿಲು ನೋಡುತ್ತ ಕೂರಬೇಕು. ಜಿಲ್ಲೆಯ ಸರಾಸರಿಯನ್ನು ನಂಬಿ ಬಿತ್ತಿದವನಿಗೆ ಎರಡೂ ಊರಿನಲ್ಲಿ ಬೆಳೆ ಕೈಗೆ ಹತ್ತುವುದಿಲ್ಲ. ಆದರೆ ಪ್ರತಿ ಊರಿನ ಮಳೆಯನ್ನು ಆ ಊರು ಪಶ್ಚಿಮ ಘಟ್ಟದಿಂದ ಎಷ್ಟು ದೂರ ಇದೆ ಎಂಬುದರ ಎದುರು ಗುರುತು ಹಾಕಿದರೆ, ಚದುರಿದ ಸಂಖ್ಯೆಗಳಿಗೆ ಒಂದು ಕ್ರಮ ಕಾಣುತ್ತದೆ: ಪೂರ್ವಕ್ಕೆ ಹೋದಂತೆ ಮಳೆ ಇಳಿಯುತ್ತದೆ.

ಮೆಟಾ-ರಿಗ್ರೆಷನ್ ಮಾಡುವುದೂ ಇದನ್ನೇ, ಊರಿನ ಜಾಗದಲ್ಲಿ ಅಧ್ಯಯನವನ್ನಿಟ್ಟು. ಪ್ರತಿ ಅಧ್ಯಯನವೂ ಒಂದು ಚುಕ್ಕಿ. ಅಡ್ಡ ಗೆರೆಯ ಮೇಲೆ ಆ ಅಧ್ಯಯನದ ಒಂದು ಲಕ್ಷಣ: ಔಷಧದ ಪ್ರಮಾಣ, ರೋಗಿಗಳ ಸರಾಸರಿ ವಯಸ್ಸು, ನಡೆದ ವರ್ಷ, ಆಸ್ಪತ್ರೆಯ ಮಟ್ಟ. ಲಂಬ ಗೆರೆಯ ಮೇಲೆ ಚಿಕಿತ್ಸೆಯ ಪರಿಣಾಮ. ಅರ್ಧಕ್ಕಿಳಿಯುವುದೂ ಇಮ್ಮಡಿಯಾಗುವುದೂ ಸಮಾನ ದೂರದಲ್ಲಿ ಕಾಣಲೆಂದು ಸಾಮಾನ್ಯವಾಗಿ ಇದನ್ನು ಲಾಗರಿದಮ್‌ನಲ್ಲಿ ಅಳೆಯುತ್ತಾರೆ. ಹೆಚ್ಚು ರೋಗಿಗಳಿದ್ದು ನಿಖರ ಉತ್ತರ ಕೊಟ್ಟ ಅಧ್ಯಯನಕ್ಕೆ ಹೆಚ್ಚು ತೂಕ. ಈ ಚುಕ್ಕಿಗಳ ನಡುವೆ ಹಾಯುವ ರೇಖೆಗೆ ಇಳಿಜಾರು ಇದ್ದರೆ, ಆ ಲಕ್ಷಣಕ್ಕೂ ಪರಿಣಾಮಕ್ಕೂ ಏನೋ ನಂಟಿದೆ ಎಂದರ್ಥ. ರೇಖೆ ಎಳೆದ ಮೇಲೂ ಉಳಿಯುವ ಚದುರುವಿಕೆಯನ್ನು ಒಳ್ಳೆಯ ವಿಶ್ಲೇಷಣೆ ಮುಚ್ಚಿಡುವುದಿಲ್ಲ, ಅದನ್ನೂ ಪ್ರತ್ಯೇಕವಾಗಿ ಅಳೆದು ಹೇಳುತ್ತದೆ.

ಈ ವಿಧಾನದ ಬಲವನ್ನೂ ಮಿತಿಯನ್ನೂ ಒಟ್ಟಿಗೆ ಕಾಣಲು, ಕ್ಷಯ ತಡೆಯಲು ಕೊಡುವ ಬಿಸಿಜಿ ಲಸಿಕೆಯ ಕಥೆಗಿಂತ ಒಳ್ಳೆಯ ದಾರಿ ನನಗೆ ತಿಳಿದಿಲ್ಲ. ಅದರಲ್ಲಿ ದಕ್ಷಿಣ ಭಾರತಕ್ಕೆ ದೊಡ್ಡ ಪಾತ್ರವೂ ಇದೆ.

ಬ್ರಿಟನ್‌ನಲ್ಲಿ ನಡೆದ ಪ್ರಯೋಗದಲ್ಲಿ ಲಸಿಕೆ ಪಡೆದ 13,598 ಜನರಲ್ಲಿ 62 ಮಂದಿಗೆ ಕ್ಷಯ ಬಂದರೆ, ಪಡೆಯದ 12,867 ಜನರಲ್ಲಿ 248 ಮಂದಿಗೆ ಬಂತು. ಅಪಾಯ ಮುಕ್ಕಾಲು ಪಾಲು ಇಳಿದಿತ್ತು. ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಶುರುವಾದ ಪ್ರಯೋಗ ಇದಕ್ಕಿಂತ ಎಷ್ಟೋ ದೊಡ್ಡದು. ಮೆಟಾ-ಅನಾಲಿಸಿಸ್‌ಗಳಲ್ಲಿ ಬಳಸುವ ಅದರ ಅಂಕಿಗಳ ಪ್ರಕಾರ ಎರಡೂ ಗುಂಪುಗಳಲ್ಲಿ ತಲಾ 88,391 ಜನ. ಲಸಿಕೆ ಪಡೆದವರಲ್ಲಿ 505 ಪ್ರಕರಣ, ಪಡೆಯದವರಲ್ಲಿ 499. ಅಂದರೆ ರಕ್ಷಣೆ ಇಲ್ಲವೇ ಇಲ್ಲ. ಪ್ರಪಂಚಕ್ಕೆ ಇದು ಆಘಾತವೇ ಆಗಿತ್ತು.

1994ರಲ್ಲಿ ಕೋಲ್ಡಿಟ್ಜ್ ಮತ್ತು ಸಂಗಡಿಗರು ಇಂಥ 13 ಪ್ರಯೋಗಗಳನ್ನು ಕೂಡಿಸಿದಾಗ ಬಂದ ಸರಾಸರಿ: ಲಸಿಕೆ ಅಪಾಯವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಬ್ರಿಟನ್ನಿಗೂ ಚೆಂಗಲ್ಪಟ್ಟಿಗೂ ಹೊಂದದ ‘ಅರ್ಧ’ ಇದು. ಫಲಿತಾಂಶಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ಶೇ 90ಕ್ಕಿಂತ ಹೆಚ್ಚು ಭಾಗ ಕೇವಲ ಆಕಸ್ಮಿಕ ಏರುಪೇರು ಅಲ್ಲ ಎಂದು ಲೆಕ್ಕ ಹೇಳುತ್ತಿತ್ತು. ಆಗ ಪ್ರಯೋಗಗಳು ನಡೆದ ಸ್ಥಳದ ಅಕ್ಷಾಂಶವನ್ನು ಅಡ್ಡ ಗೆರೆಯ ಮೇಲೆ ಇಟ್ಟು ನೋಡಿದರು. ಭೂಮಧ್ಯರೇಖೆಯಿಂದ ದೂರ ಹೋದಂತೆ ಲಸಿಕೆಯ ರಕ್ಷಣೆ ಏರುತ್ತ ಹೋಗುವುದು ಕಂಡಿತು. ಇಂದಿನ ಪ್ರಮಾಣಿತ ಲೆಕ್ಕದಲ್ಲಿ, ಅಧ್ಯಯನಗಳ ನಡುವಿನ ವ್ಯತ್ಯಾಸದ ಸುಮಾರು ಮುಕ್ಕಾಲು ಪಾಲನ್ನು ಅಕ್ಷಾಂಶವೊಂದೇ ವಿವರಿಸುತ್ತದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರಗಳು ಹೆಚ್ಚು ಕಡಿಮೆ 16 ಮತ್ತು 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಅದೇ ರೇಖೆಯನ್ನು 16 ಡಿಗ್ರಿಗೆ ಓದಿದರೆ ಅಪಾಯ ಶೇ 20ರಷ್ಟು ಮಾತ್ರ ಇಳಿಯುತ್ತದೆ, 52 ಡಿಗ್ರಿಗೆ ಓದಿದರೆ ಶೇ 70ಕ್ಕೂ ಹೆಚ್ಚು. ನಮ್ಮ ಶೇ 20ರ ಸುತ್ತಲಿನ ಅನಿಶ್ಚಿತತೆಯ ವ್ಯಾಪ್ತಿ ‘ರಕ್ಷಣೆ ಇಲ್ಲ’ ಎಂಬ ಸಾಧ್ಯತೆಯನ್ನೂ ಒಳಗೊಳ್ಳುತ್ತದೆ. ಸರಾಸರಿ ಹೇಳಿದ ಅರ್ಧಕ್ಕೂ ಈ ಉತ್ತರಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಗಮನಿಸಬೇಕು. ನಮ್ಮಂಥ ಜಿಲ್ಲೆಗಳಿಗೆ ಈ ವಿಧಾನ ಮುಖ್ಯವಾಗುವುದು ಇಲ್ಲಿ: ಜಗತ್ತಿನ ಸರಾಸರಿಯೊಳಗೆ ಕರಗಿಹೋಗುವ ಊರು ಈ ರೇಖೆಯ ಮೇಲೆ ತನ್ನ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ.

ಆದರೆ ರೇಖೆಯ ಹತ್ತಿರ ಹೋಗಿ ಒಂದೊಂದೇ ಚುಕ್ಕಿಯನ್ನು ನೋಡಿದರೆ ಅನುಮಾನಗಳು ಏಳುತ್ತವೆ. 19 ಡಿಗ್ರಿಯಲ್ಲಿರುವ ಹೈಟಿಯ ಚಿಕ್ಕ ಪ್ರಯೋಗದಲ್ಲಿ ಅಪಾಯ ಶೇ 80ರಷ್ಟು ಇಳಿದಿತ್ತು. 33 ಡಿಗ್ರಿಯಲ್ಲಿರುವ ಅಮೆರಿಕದ ಜಾರ್ಜಿಯಾ ಭಾಗದಲ್ಲಿ ರಕ್ಷಣೆಯೇ ಕಾಣಲಿಲ್ಲ. ಅಕ್ಷಾಂಶವೇ ಕಾರಣವಾಗಿದ್ದರೆ ಇವೆರಡೂ ಹೀಗಿರಬಾರದಿತ್ತು. ಅಷ್ಟಕ್ಕೂ ಅಕ್ಷಾಂಶ ಎಂಬುದು ಭೂಪಟದ ಮೇಲಿನ ಒಂದು ಗೆರೆ. ಅದು ಯಾರ ದೇಹದೊಳಗೂ ಹೋಗಿ ಲಸಿಕೆಯನ್ನು ತಡೆಯಲಾರದು. ಬೇರೆ ಏನೋ ಅದರ ಹಿಂದೆ ನಿಂತಿರಬೇಕು. ಉಷ್ಣವಲಯದ ಮಣ್ಣು ನೀರಿನಲ್ಲಿ ಕ್ಷಯಾಣುವಿನ ದಾಯಾದಿಗಳಾದ ಬ್ಯಾಕ್ಟೀರಿಯಾಗಳು ಹೆಚ್ಚು, ಅವುಗಳಿಗೆ ಮೊದಲೇ ಒಗ್ಗಿದ ದೇಹದಲ್ಲಿ ಲಸಿಕೆಗೆ ಹೊಸದಾಗಿ ಮಾಡಲು ಏನೂ ಉಳಿಯುವುದಿಲ್ಲ ಎಂಬುದು ಒಂದು ವಿವರಣೆ. ಲಸಿಕೆಯ ತಳಿ ಬೇರೆ, ಬಿಸಿಲಿನಲ್ಲಿ ಅದರ ಸಂಗ್ರಹಣೆ ಕೆಟ್ಟಿತು ಎಂಬ ವಾದಗಳೂ ಇದ್ದವು.

2014ರಲ್ಲಿ ಮಂಗ್ತಾನಿ ಮತ್ತು ಸಂಗಡಿಗರ ಹೊಸ ವಿಶ್ಲೇಷಣೆ ಪ್ರಶ್ನೆಯನ್ನು ಒಂದು ಹೆಜ್ಜೆ ಮುಂದೊಯ್ದಿತು. ಲಸಿಕೆ ಕೊಡುವ ಮೊದಲು, ಸೋಂಕು ಆಗಲೇ ತಗುಲಿದೆಯೇ ಎಂದು ನೋಡುವ ಟ್ಯುಬರ್ಕ್ಯುಲಿನ್ ಪರೀಕ್ಷೆ ಎಷ್ಟು ಕಟ್ಟುನಿಟ್ಟಾಗಿ ನಡೆದಿತ್ತು, ಯಾವ ವಯಸ್ಸಿನಲ್ಲಿ ಲಸಿಕೆ ಬಿತ್ತು ಎಂಬುದನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡರು. ಮೊದಲೇ ಸೋಂಕು ತಗುಲಿದವರನ್ನು ಕಟ್ಟುನಿಟ್ಟಾಗಿ ಹೊರಗಿಟ್ಟು ಶಾಲಾ ವಯಸ್ಸಿನ ಮಕ್ಕಳಿಗೆ ಕೊಟ್ಟ ಕಡೆ ಶ್ವಾಸಕೋಶದ ಕ್ಷಯದ ಅಪಾಯ ಶೇ 74ರಷ್ಟು, ನವಜಾತ ಶಿಶುಗಳಿಗೆ ಕೊಟ್ಟ ಕಡೆ ಶೇ 59ರಷ್ಟು ಇಳಿದಿತ್ತು. ಲಸಿಕೆಯ ತಳಿಗೂ ಫಲಿತಾಂಶಕ್ಕೂ ನಂಟು ಕಾಣಲಿಲ್ಲ. ದೇಹಕ್ಕೆ ಮೊದಲೇ ಆದ ಪರಿಚಯ ಮುಖ್ಯ ಕಾರಣ ಎಂಬ ಕಡೆಗೆ ಪುರಾವೆ ವಾಲಿತು. ಅಕ್ಷಾಂಶ ಅದರ ಪರವಾಗಿ ನಿಂತ ಗುರುತು ಮಾತ್ರ.

ಇದರಿಂದ ಆಸ್ಪತ್ರೆಯಲ್ಲಿ ಆಗುವ ವ್ಯತ್ಯಾಸ ದೊಡ್ಡದು. ‘ನಾವು 16 ಡಿಗ್ರಿಯವರು, ನಮಗೆ ಬಿಸಿಜಿ ನಾಟುವುದಿಲ್ಲ’ ಎಂದು ಯಾರಾದರೂ 1994ರ ರೇಖೆ ತೋರಿಸಿ ಹೇಳಿದ್ದರೆ ಅದು ಮಕ್ಕಳಿಗೆ ಅನ್ಯಾಯವಾಗುತ್ತಿತ್ತು. ಹುಟ್ಟಿದ ಕೂಡಲೇ ಕೊಟ್ಟ ಲಸಿಕೆ ಮಿದುಳು ಪೊರೆಯ ಕ್ಷಯದಿಂದ, ದೇಹವಿಡೀ ಹರಡುವ ಕ್ಷಯದಿಂದ ಮಕ್ಕಳನ್ನು ಬಹಳ ಚೆನ್ನಾಗಿ ಕಾಯುತ್ತದೆ. 2014ರ ವಿಶ್ಲೇಷಣೆಯಲ್ಲಿ ಶಿಶುಗಳಲ್ಲಿ ಆ ರಕ್ಷಣೆ ಶೇ 90ರಷ್ಟಿತ್ತು. ಊರಿನ ಅಕ್ಷಾಂಶವನ್ನು ಬದಲಿಸಲಾಗದು, ಲಸಿಕೆ ಕೊಡುವ ವಯಸ್ಸನ್ನು ನಾವೇ ನಿರ್ಧರಿಸಬಹುದು.

ಹಾಗಾಗಿ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ಪ್ರಯೋಗವೊಂದರ ಒಳಗೆ ಯಾರಿಗೆ ಔಷಧ, ಯಾರಿಗೆ ಹುಸಿ ಔಷಧ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ. ಅದರಿಂದಲೇ ಅಲ್ಲಿ ಕಂಡ ವ್ಯತ್ಯಾಸಕ್ಕೆ ಔಷಧವೇ ಕಾರಣ ಎನ್ನುವ ಧೈರ್ಯ ಬರುತ್ತದೆ. ಆದರೆ ಯಾವ ಪ್ರಯೋಗ ಯಾವ ಅಕ್ಷಾಂಶದಲ್ಲಿ, ಯಾವ ವರ್ಷದಲ್ಲಿ, ಎಂಥ ಆಸ್ಪತ್ರೆಯಲ್ಲಿ ನಡೆಯಬೇಕು ಎಂದು ಯಾರೂ ಚೀಟಿ ಎತ್ತಿರುವುದಿಲ್ಲ. ಪ್ರಯೋಗಗಳ ನಡುವಿನ ಹೋಲಿಕೆ ಆದ್ದರಿಂದ ಬರೀ ವೀಕ್ಷಣೆ. ಹದಿಮೂರೂ ಪ್ರಯೋಗಗಳು ಅತ್ಯುತ್ತಮವಾಗಿದ್ದರೂ ಅವುಗಳ ಮೇಲೆ ಎಳೆದ ರೇಖೆಗೆ ಪ್ರಯೋಗದ ಮರ್ಯಾದೆ ಸಲ್ಲುವುದಿಲ್ಲ. ಅದು ಕೊಡುವುದು ಮುಂದಿನ ಪ್ರಯೋಗಕ್ಕೆ ಬೇಕಾದ ಪ್ರಶ್ನೆಯನ್ನು.

ಇನ್ನೊಂದು ಎಡವು ಇದಕ್ಕಿಂತ ಸೂಕ್ಷ್ಮ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳ ಮೇಲಿನ 13 ಪ್ರಯೋಗಗಳನ್ನು, 91,140 ಜನರ ಮಾಹಿತಿಯನ್ನು ಕೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆ, ಈ ಮಾತ್ರೆಯಿಂದ ಮಧುಮೇಹದ ಅಪಾಯ ಶೇ 9ರಷ್ಟು ಏರುತ್ತದೆ ಎಂದಿತು. ನಾಲ್ಕು ವರ್ಷ 255 ಜನರಿಗೆ ಮಾತ್ರೆ ಕೊಟ್ಟರೆ ಒಂದು ಹೆಚ್ಚುವರಿ ಪ್ರಕರಣ. ಹೃದಯಾಘಾತ ತಡೆಯುವ ಲಾಭದ ಮುಂದೆ ಇದು ಚಿಕ್ಕದು, ಮಾತ್ರೆ ಬಿಡಲು ಕಾರಣವಲ್ಲ. ಅಲ್ಲಿ ಮೆಟಾ-ರಿಗ್ರೆಷನ್ ಕಂಡದ್ದು: ಹೆಚ್ಚು ವಯಸ್ಸಾದವರಿದ್ದ ಪ್ರಯೋಗಗಳಲ್ಲಿ ಈ ಅಪಾಯ ಹೆಚ್ಚು. ಇದನ್ನು ಓದಿದ ಕೂಡಲೇ ‘ಹುನಗುಂದದ ಎಪ್ಪತ್ತು ವರ್ಷದ ಅಜ್ಜಿಗೆ ಐವತ್ತರ ಮಗನಿಗಿಂತ ಅಪಾಯ ಹೆಚ್ಚು’ ಎಂದು ಅರ್ಥ ಮಾಡಿಕೊಳ್ಳುವುದು ಸಹಜ. ಆದರೆ ಲೆಕ್ಕ ಹೇಳಿದ್ದು ಪ್ರಯೋಗಗಳ ಸರಾಸರಿ ವಯಸ್ಸಿನ ಬಗ್ಗೆ, ಅಜ್ಜಿಯ ವಯಸ್ಸಿನ ಬಗ್ಗೆ ಅಲ್ಲ. ಗುಂಪಿಗೆ ನಿಜವಾದದ್ದು ಒಬ್ಬರಿಗೆ ನಿಜವಾಗಬೇಕಾಗಿಲ್ಲ.

ಇದು ಬರೀ ತರ್ಕದ ಹೆದರಿಕೆಯಲ್ಲ. ಮೂತ್ರಪಿಂಡ ಕಸಿಯ ನಂತರ ಕೊಡುವ ಒಂದು ಚಿಕಿತ್ಸೆಯ ಐದು ಪ್ರಯೋಗಗಳನ್ನು ಬರ್ಲಿನ್ ಮತ್ತು ಸಂಗಡಿಗರು 2002ರಲ್ಲಿ ಎರಡು ರೀತಿಯಲ್ಲಿ ನೋಡಿದರು. ಒಬ್ಬೊಬ್ಬ ರೋಗಿಯ ಮಾಹಿತಿಯನ್ನು ತೆಗೆದುಕೊಂಡಾಗ, ರಕ್ತದಲ್ಲಿ ಮೊದಲೇ ಪ್ರತಿಕಾಯಗಳು ಹೆಚ್ಚಿದ್ದ ರೋಗಿಗಳಿಗೆ ಚಿಕಿತ್ಸೆ ಉಪಯುಕ್ತ, ಉಳಿದವರಿಗೆ ಅಲ್ಲ ಎಂಬುದು ಕಂಡಿತು. ಅದೇ ಪ್ರಯೋಗಗಳ ಸರಾಸರಿಗಳ ಮೇಲೆ ಮೆಟಾ-ರಿಗ್ರೆಷನ್ ಮಾಡಿದಾಗ ಆ ವ್ಯತ್ಯಾಸ ಸಿಗಲೇ ಇಲ್ಲ. ಇಂಥ ಪ್ರಶ್ನೆಗಳಿಗೆ ಪ್ರಕಟಿತ ಸರಾಸರಿ ಸಾಲದು, ರೋಗಿವಾರು ಮೂಲ ದತ್ತಾಂಶ ಬೇಕು.

ಚಿಕಿತ್ಸೆ ಇಲ್ಲದಾಗ ಇರುವ ಮೂಲ ಅಪಾಯವನ್ನೇ ಅಡ್ಡ ಗೆರೆಯ ಮೇಲೆ ಇಡುವುದು ಮತ್ತೊಂದು ಜಾರುವ ಜಾಗ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೆರಿಗೆಯ ನಂತರದ ರಕ್ತಸ್ರಾವ ಹುಸಿ ಮಾತ್ರೆ ಪಡೆದವರಲ್ಲಿ ಶೇ 12 ಇತ್ತು, ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ ಪಡೆದವರಲ್ಲಿ ಶೇ 6.4. ರಕ್ತಸ್ರಾವ ಹೆಚ್ಚಿರುವ ಕಡೆ ಮಾತ್ರೆಯ ಲಾಭವೂ ಹೆಚ್ಚೇ ಎಂದು ಕೇಳಬೇಕೆನಿಸುತ್ತದೆ, ಪ್ರಶ್ನೆ ನ್ಯಾಯವಾದದ್ದೇ. ತೊಡಕು ಏನೆಂದರೆ, ಹುಸಿ ಮಾತ್ರೆ ಗುಂಪಿನ ಸಂಖ್ಯೆ ಅಡ್ಡ ಗೆರೆಯಲ್ಲೂ ಇರುತ್ತದೆ, ಲಾಭದ ಲೆಕ್ಕದೊಳಗೂ ಇರುತ್ತದೆ. ಯಾವುದೋ ಪ್ರಯೋಗದಲ್ಲಿ ಆ ಸಂಖ್ಯೆ ಆಕಸ್ಮಿಕವಾಗಿ ಏರಿದರೆ ಲಾಭವೂ ತಾನೇ ದೊಡ್ಡದಾಗಿ ಕಾಣುತ್ತದೆ. ಇದಕ್ಕೆ ಬೇರೆ ವಿಧಾನಗಳಿವೆ, ಸಾದಾ ರೇಖೆ ಎಳೆದು ತೀರ್ಪು ಕೊಡಬಾರದು.

ಇನ್ನು ಸಂಖ್ಯೆಯ ಮಾತು. ಒಂದು ಲಕ್ಷಣವನ್ನು ಪರೀಕ್ಷಿಸಲು ಕನಿಷ್ಠ ಹತ್ತು ಅಧ್ಯಯನಗಳಾದರೂ ಇರಲಿ ಎಂಬುದು ಕಾಕ್ರೇನ್ ಕೈಪಿಡಿಯ ಸಲಹೆ. ಎಂಟು ಅಧ್ಯಯನ ಕೈಯಲ್ಲಿಟ್ಟುಕೊಂಡು ವಯಸ್ಸು, ತೂಕ, ದೇಶ, ವರ್ಷ, ಡೋಸ್ ಎಂದು ಒಂದೊಂದೇ ಲಕ್ಷಣ ಹಾಕಿ ನೋಡುತ್ತ ಹೋದರೆ ಯಾವುದೋ ಒಂದು ‘ಅರ್ಥಪೂರ್ಣ’ (ಆಕಸ್ಮಿಕವಲ್ಲ) ಎಂದು ಬಂದೇ ಬರುತ್ತದೆ. ನಿಜವಾದ ನಂಟು ಯಾವುದೂ ಇಲ್ಲದಿದ್ದರೂ ಇಪ್ಪತ್ತು ಲಕ್ಷಣ ಪರೀಕ್ಷಿಸಿದರೆ ಸರಾಸರಿ ಒಂದು ಹೀಗೆ ಬರುತ್ತದೆ. ಹಿಗಿನ್ಸ್ ಮತ್ತು ಥಾಂಪ್ಸನ್ 2004ರಲ್ಲೇ ಈ ಹುಸಿ ಫಲಿತಾಂಶಗಳ ಬಗ್ಗೆ ಎಚ್ಚರಿಸಿ, ಅಧ್ಯಯನಗಳ ಲಕ್ಷಣಗಳನ್ನು ಮತ್ತೆ ಮತ್ತೆ ಕಲಸಿ ಪರೀಕ್ಷಿಸುವ ಮಾರ್ಗ ತೋರಿಸಿದ್ದರು. ಬಿಸಿಜಿಯ 13 ಪ್ರಯೋಗಗಳೂ ಒಂದೇ ಒಂದು ಲಕ್ಷಣಕ್ಕೆ ಸಾಲುವಷ್ಟು ಮಾತ್ರ. ಸ್ಟಿರಾಯ್ಡ್‌ನ ಆ ಎರಡು ಪ್ರಯೋಗಗಳಿಂದ ರೇಖೆ ಎಳೆಯುವ ಮಾತೇ ಇಲ್ಲ. ಅಲ್ಲಿ ಕಾರಣ ಹುಡುಕಬೇಕಾದದ್ದು ಹೆರಿಗೆ ಕೋಣೆಯ ವಿವರಗಳಲ್ಲಿ.

ಈಗ ಇದನ್ನೆಲ್ಲ ಹೇಳುವ ಅಗತ್ಯ ಹೆಚ್ಚಿದೆ. ಸಂಖ್ಯಾಶಾಸ್ತ್ರದ ‘ಆರ್’ ತಂತ್ರಾಂಶ ಉಚಿತ, ಅದರೊಳಗಿನ ಮೆಟಾಫರ್ ಪ್ಯಾಕೇಜಿನಲ್ಲಿ ಒಂದು ಸಾಲು ಬರೆದರೆ ಮೆಟಾ-ರಿಗ್ರೆಷನ್ ಮುಗಿಯುತ್ತದೆ. ರೋಗಿಗಳನ್ನು ನೋಡದೆ, ಹೊಸ ಮಾಹಿತಿ ಸಂಗ್ರಹಿಸದೆ ಪ್ರಕಟಿಸಬಹುದಾದ ಬರಹ ಇದು. ಅನಗತ್ಯ ಮೆಟಾ-ಅನಾಲಿಸಿಸ್‌ಗಳ ರಾಶಿಯ ಬಗ್ಗೆ ಸಂಶೋಧಕ ಐಯೊನಿಡಿಸ್ 2016ರಲ್ಲೇ ಕಟುವಾಗಿ ಬರೆದಿದ್ದರು. ಯುವ ವೈದ್ಯರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರು ಈ ವಿಧಾನ ಕಲಿಯಲೇಬೇಕು. ಆದರೆ ರೇಖೆ ಎಳೆಯುವ ಮೊದಲೇ ಯಾವ ಲಕ್ಷಣಗಳನ್ನು ನೋಡುತ್ತೇವೆ, ಏಕೆ ನೋಡುತ್ತೇವೆ ಎಂಬುದನ್ನು ಇಂಥ ವಿಶ್ಲೇಷಣೆಗಳ ಯೋಜನೆಯನ್ನು ಮೊದಲೇ ದಾಖಲಿಸುವ ಪ್ರಾಸ್ಪೆರೊದಂಥ ನೋಂದಣಿಯಲ್ಲಿ ಬರೆದಿಡುವ ಶಿಸ್ತು ಬೇಕು. ಅಂಥ ಬರಹ ಓದುವವರೂ ಮೊದಲು ಎರಡು ವಿಷಯ ನೋಡಲಿ: ಅಧ್ಯಯನಗಳು ಎಷ್ಟು, ಆ ಲಕ್ಷಣ ಮೊದಲೇ ಗೊತ್ತುಮಾಡಿದ್ದೇ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು ಕಡೆ ಇದೆ. ಅಡ್ಡ ಗೆರೆಯ ಮೇಲೆ ಇಡಬೇಕಾದ ಮಾಹಿತಿಯನ್ನು ಅಧ್ಯಯನಗಳು ಬರೆದಿಟ್ಟಿರದಿದ್ದರೆ ಯಾವ ಲೆಕ್ಕವೂ ನಡೆಯುವುದಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ವೈದ್ಯಕೀಯ ಕಾಲೇಜುಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರತಿ ವರ್ಷ ಪ್ರಬಂಧ ಬರೆಯುತ್ತಾರೆ. ನವಜಾತ ಶಿಶುಗಳ ಮೇಲಿನ ಪ್ರಬಂಧವೊಂದರಲ್ಲಿ ಗರ್ಭದ ವಾರವನ್ನು ಅಲ್ಟ್ರಾಸೌಂಡ್‌ನಿಂದ ಅಳೆದರೋ ಮುಟ್ಟಿನ ದಿನದಿಂದ ಎಣಿಸಿದರೋ, ಮಗುವಿಗೆ ಉಸಿರಾಟದ ನೆರವು ಕೊಡುವ ಯಂತ್ರ ಅದೇ ಕಟ್ಟಡದಲ್ಲಿತ್ತೋ, ತಾಯಿ ಎಷ್ಟು ದೂರದಿಂದ ಬಂದಳು, ಅವಳ ಹಿಮೋಗ್ಲೋಬಿನ್ ಎಷ್ಟಿತ್ತು ಎಂಬ ನಾಲ್ಕು ವಿವರಗಳಿದ್ದರೆ ಸಾಕು, ಮುಂದೊಂದು ದಿನ ಅದನ್ನು ಇತರ ಅಧ್ಯಯನಗಳೊಂದಿಗೆ ಇಟ್ಟು ನೋಡಲು ಸಾಧ್ಯ. ಹೆಸರು ವಿಳಾಸ ತೆಗೆದ ರೋಗಿವಾರು ದತ್ತಾಂಶವನ್ನು ನೈತಿಕ ಸಮಿತಿಯ ಒಪ್ಪಿಗೆಯೊಂದಿಗೆ ಕಾಲೇಜಿನಲ್ಲಿ ಜೋಪಾನ ಮಾಡಿದರಂತೂ ಗುಂಪಿನ ಸರಾಸರಿಯ ತೊಡಕೂ ಬಹಳಷ್ಟು ಕಳೆಯುತ್ತದೆ. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಪ್ರಬಂಧದ ಪ್ರಸ್ತಾವ ಸಲ್ಲಿಸುವ ನಮೂನೆಯಲ್ಲಿ ಈ ಅಂಕಣಗಳನ್ನು ಕಡ್ಡಾಯ ಮಾಡುವ ಅಧಿಕಾರ ಕಾಲೇಜುಗಳ ಸಮಿತಿಗಳಿಗೇ ಇದೆ, ಮುಂದಿನ ತಂಡದ ವಿದ್ಯಾರ್ಥಿಗಳಿಂದಲೇ ಅದನ್ನು ಶುರು ಮಾಡಬಹುದು.